ಇಲ್ಲ ಎನ್ನಲು ಕಲಿಸದ ಪಾಠ

ನನ್ನ ಟ್ರಂಕಿನಲ್ಲಿ ಒಂದು ಸರ್ಟಿಫಿಕೇಟು ಇದೆ. ಐದು ದಿನಗಳ ನಾಯಕತ್ವ ತರಬೇತಿಯನ್ನು ಇವರು ಯಶಸ್ವಿಯಾಗಿ ಮುಗಿಸಿದ್ದಾರೆ ಎಂದು ಅದರಲ್ಲಿ ಬರೆದಿದೆ. 2011ರಲ್ಲಿ, ನಾನು ಶಿಶು ಅಭಿವೃದ್ಧಿ ಯೋಜನಾಧಿಕಾರಿಯಾಗಿದ್ದಾಗ, ಅಂದರೆ ಜನರ ಬಾಯಲ್ಲಿ ಸಿ.ಡಿ.ಪಿ.ಓ. ಸಾಹೇಬನಾಗಿದ್ದಾಗ, ದೂರದ ಒಂದು ದೊಡ್ಡ ಊರಿಗೆ ಹೋಗಿ ತಂದದ್ದು. ಅದು ಯಾವ ಸಂಸ್ಥೆ ಎಂಬುದು ಮುಖ್ಯವಲ್ಲ. ಊಟ ಚೆನ್ನಾಗಿತ್ತು, ಕಲಿಸುವವರು ಸಜ್ಜನರಾಗಿದ್ದರು, ಫ್ಯಾನು ತಿರುಗುತ್ತಿತ್ತು. ಆದರೂ ಆ ಐದು ದಿನಗಳ ಮೇಲೆ ನನಗಿರುವ ಸಿಟ್ಟು ನಿವೃತ್ತಿಯಾಗಿ ಇಷ್ಟು ವರ್ಷವಾದ ಮೇಲೂ ಇಳಿದಿಲ್ಲ. ಆ ಸಿಟ್ಟಿನ ಕಾರಣವನ್ನು ಹೇಳಿಬಿಡುವುದಕ್ಕಾಗಿಯೇ ಈ ಬರಹ.

ಮೊದಲ ದಿನ ಮಾಸ್ಲೋನ ತ್ರಿಕೋನ. ಎರಡನೆಯ ದಿನ ಜೋಹರಿ ಕಿಟಕಿ. ಮೂರನೆಯ ದಿನ ಹಳೆಯ ಪತ್ರಿಕೆಗಳನ್ನು ಸುರುಳಿ ಸುತ್ತಿ ಯಾವ ತಂಡ ಎತ್ತರದ ಗೋಪುರ ಕಟ್ಟುತ್ತದೆಂಬ ಸ್ಪರ್ಧೆ. ನಾಲ್ಕನೆಯ ದಿನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮುಂದಿನವರ ಹೆಗಲು ಹಿಡಿದು ನಡೆಯುವ ಆಟ. ಐದನೆಯ ದಿನ ಸಮಾರೋಪ, ಗ್ರೂಪ್ ಫೋಟೋ, ಟಿ.ಎ. ಬಿಲ್ಲು. ಜೋಹರಿ ಕಿಟಕಿಯ ದಿನ ಪಕ್ಕದಲ್ಲಿ ಕೂತಿದ್ದ ನಮ್ಮ ಕಡೆಯ ಹಿರಿಯ ಅಧಿಕಾರಿಯೊಬ್ಬರು ನನ್ನ ಕಿವಿಯಲ್ಲಿ ಕೇಳಿದರು: "ಜೋಹರಿ ಅಂದ್ರ ಬಂಗಾರದ ಅಂಗಡ್ಯಾಂವ ಅಲ್ಲೇನ್ರಿ? ಅವನ ಕಿಡಕ್ಯಾಗ ನಮಗೇನ್ ಕೆಲಸ?" ಜೋಸೆಫ್ ಲಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಇಬ್ಬರು ಅಮೆರಿಕನ್ ಮನಃಶಾಸ್ತ್ರಜ್ಞರ ಹೆಸರುಗಳ ತುಣುಕು ಸೇರಿಸಿ 1955ರಲ್ಲಿ ಇಟ್ಟ ಹೆಸರದು ಎಂದು ನಾನು ಆಮೇಲೆ ಓದಿ ತಿಳಿದೆ. ಆದರೆ ಆ ಹಿರಿಯರ ಪ್ರಶ್ನೆಯ ಎರಡನೆಯ ಭಾಗಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

ನನ್ನ ಜಗಳ ತರಬೇತಿ ಬೇಡವೆಂದಲ್ಲ. ಬೇಕು, ಬಹಳ ಬೇಕು. ಒಬ್ಬ ಸಿ.ಡಿ.ಪಿ.ಓ. ಮಾಡಬೇಕಾದ ಕೆಲಸ ಎಂಥದೆಂದು ಸ್ವಲ್ಪ ನೋಡಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದಾಗ ನಮ್ಮ ರಾಜ್ಯದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಲ್ಲಿಂದ ಅದು ಪ್ರತಿ ತಾಲೂಕಿಗೂ ಹಬ್ಬಿತು. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಆರೋಗ್ಯ ಮತ್ತು ಪೌಷ್ಟಿಕತೆಯ ತಿಳಿವಳಿಕೆ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸುವುದು: ಹೀಗೆ ಆರು ಸೇವೆಗಳು. ಅವುಗಳ ಜೊತೆಗೆ ಕಾಲಕಾಲಕ್ಕೆ ಬಂದ ಭಾಗ್ಯಗಳು. 2013ರಲ್ಲಿ ಕ್ಷೀರಭಾಗ್ಯ, 2017ರಲ್ಲಿ ಮಾತೃಪೂರ್ಣ, 2023ರಲ್ಲಿ ಗೃಹಲಕ್ಷ್ಮಿ. ಇವನ್ನೆಲ್ಲ ನಡೆಸುವವರು ನೂರಾರು ಅಂಗನವಾಡಿ ಟೀಚರುಗಳು, ಅಷ್ಟೇ ಸಂಖ್ಯೆಯ ಆಯಾಗಳು. ಇವರು ಸರಕಾರಿ ಹುದ್ದೆಯವರಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣ. ಅದೇ ಕೋರ್ಟು ಇವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಹೇಳಲು 2022 ಬರಬೇಕಾಯಿತು. ಸಂಬಳವಲ್ಲ, ಗೌರವಧನ ಪಡೆದು ದುಡಿಯುವ ಇಷ್ಟೊಂದು ಹೆಣ್ಣುಮಕ್ಕಳನ್ನು ಮುನ್ನಡೆಸುವುದಕ್ಕೆ ನಾಯಕತ್ವ ಬೇಡವೆ? ಖಂಡಿತ ಬೇಕು. ನನ್ನ ಪ್ರಶ್ನೆ ಇರುವುದು ನಾಯಕತ್ವದ ಹೆಸರಿನಲ್ಲಿ ನಮಗೆ ಏನು ಕಲಿಸಿದರು ಎಂಬುದರ ಬಗ್ಗೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕರಲ್ಲಿ ಒಂದು ಕಡೆ ನಾನು ಅಧಿಕಾರಿಯಾಗಿದ್ದೆ, ಉಳಿದ ಕಡೆಗಳಲ್ಲಿ ಆಗಾಗ ಪ್ರಭಾರ ನೋಡಿಕೊಂಡೆ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅದರಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದು ಕರೆಯಿತು. ಈ ನಾಲ್ಕೂ ಆ 39ರಲ್ಲಿದ್ದವು. ಆಗ ನಮ್ಮ ಜಿಲ್ಲೆಯಲ್ಲಿ ಇದ್ದದ್ದೇ ಐದು ತಾಲೂಕು. ಭೀಮಾ ನದಿಯ ಆಚೆ ದಂಡೆಯ ಅಫಜಲಪುರಕ್ಕೆ 2013ರಿಂದ 371 ಜೆ ಕಲಮಿನ ಆಸರೆ ಬಂತು; ಈಚೆ ದಂಡೆಯ ಇಂಡಿ, ಸಿಂದಗಿಗಳಿಗೆ ಬರಲಿಲ್ಲ. ಬರ ಎರಡೂ ದಂಡೆಗೆ ಒಂದೇ ಸಮ ಬೀಳುತ್ತದೆ.

ಇಂಥ ಕಡೆಗೆ ಅಧಿಕಾರಿಯಾಗಿ ಯಾರು ಬರುತ್ತಾರೆ? ಬಯಸಿ ಬಂದವರನ್ನು ನಾನು ಕೈಬೆರಳಲ್ಲಿ ಎಣಿಸಬಲ್ಲೆ. ನಮ್ಮ ಇಲಾಖೆಯಲ್ಲಿ 'ಅವರನ್ನ ಸಿಂದಗಿಗೆ ಒಗದರಂತ' ಎಂದರೆ ಅದು ವರ್ಗಾವಣೆಯ ಸುದ್ದಿಯಲ್ಲ, ಶಿಕ್ಷೆಯ ಸುದ್ದಿ. ಬಂದವರು ಬಂದ ದಿನದಿಂದಲೇ ಬೆಂಗಳೂರಿನ ಕಡೆ ಮುಖ ಮಾಡಿ ಕೂಡುತ್ತಾರೆ. ಅವರು ಹೋದ ಮೇಲೆ ಪಕ್ಕದ ತಾಲೂಕಿನವರಿಗೆ ಹೆಚ್ಚುವರಿ ಚಾರ್ಜು. ನಾನು ಒಮ್ಮೆ ಎರಡು ತಾಲೂಕುಗಳ ಚಾರ್ಜು ಹೊತ್ತಿದ್ದಾಗಲೇ ಈ ನಾಯಕತ್ವ ತರಬೇತಿಗೆ ಕರೆ ಬಂತು. ಖಾಲಿ ಹುದ್ದೆಗಳ ಬಗ್ಗೆ ಶಿಬಿರದಲ್ಲಿ ಯಾರೋ ಕೇಳಿದರು. "ಅದು ಈ ಶಿಬಿರದ ವ್ಯಾಪ್ತಿಗೆ ಬರುವುದಿಲ್ಲ, ನಮ್ಮ ಮನೋಭಾವ ಧನಾತ್ಮಕವಾಗಿರಬೇಕು" ಎಂಬ ಉತ್ತರ ಬಂತು. ನಾವೆಲ್ಲ ತಲೆಯಾಡಿಸಿ ಬರೆದುಕೊಂಡೆವು. ನಾನೂ ಬರೆದುಕೊಂಡೆ. ಆ ನೋಟುಪುಸ್ತಕವೂ ಟ್ರಂಕಿನಲ್ಲಿದೆ.

ತರಬೇತಿಯಿಂದ ಬಂದು ವಾರವಾಗಿರಲಿಲ್ಲ. ಒಂದು ತಾಂಡಾದ ಅಂಗನವಾಡಿ ಟೀಚರ್ ಆಫೀಸಿಗೆ ಬಂದಳು. ದೀಪಾವಳಿ ಹತ್ತಿರವಿತ್ತು. ನಮ್ಮ ಕಡೆಯ ತಾಂಡಾಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಮಹಾರಾಷ್ಟ್ರಕ್ಕೋ ಬೆಳಗಾವಿ ಸೀಮೆಗೋ ಹೊರಡುವುದು ಆ ಹೊತ್ತಿಗೇ. ಮುಂಗಡ ಇಸಗೊಂಡಾಗಿರುತ್ತದೆ, ಅದು ಖರ್ಚೂ ಆಗಿರುತ್ತದೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತವೆಂದು ಲೆಕ್ಕವಾದ್ದರಿಂದ ಮನೆಯಲ್ಲಿ ಮಕ್ಕಳನ್ನು ನೋಡುವವರು ಉಳಿಯುವುದಿಲ್ಲ.

"ಸಾಹೇಬ್ರ, ಸೋಮವಾರ ಗ್ಯಾಂಗ್ ಹೊಂಟೈತ್ರಿ. ನನ್ನ ರಿಜಿಸ್ಟರದಾಗ ಮೂವತ್ತೆಂಟು ಹುಡುಗ್ರು ಅದಾರ. ಇಪ್ಪತ್ಮೂರು ಹುಡುಗ್ರು ಅವ್ವ ಅಪ್ಪನ ಜೋಡಿ ಹೊಂಟಾವು. ಅವುಗಳ ಪಾಲಿನ ಕಾಳು ಕಡಿ ಕಟ್ಟಿ ಕೊಟ್ಟು ಕಳಸ್ಲೇನ್ರಿ? ಇಲ್ಲಾಂದ್ರ ಹುಡುಗ್ರನ್ನ ಅಜ್ಜಿಗೋಳ ಹಂತ್ಯಾಕ ಬಿಟ್ಟು ಹೋಗ್ರಿ, ಎರಡ ಹೊತ್ತು ನಾ ಅಡಗಿ ಮಾಡಿ ಹಾಕ್ತೀನಿ ಅಂತ ಅವ್ರಿಗೆ ಹೇಳ್ಲೇನ್ರಿ?"

ಓದುಗರು ಗಮನಿಸಬೇಕು. ಆ ಹೆಣ್ಣುಮಗಳು ಯಾವ ಶಿಬಿರಕ್ಕೂ ಹೋದವಳಲ್ಲ. ಸಮಸ್ಯೆ ಬರುವುದಕ್ಕೆ ನಾಲ್ಕು ದಿನ ಮೊದಲೇ ಅದನ್ನು ಕಂಡಿದ್ದಳು, ಎರಡು ದಾರಿ ಯೋಚಿಸಿದ್ದಳು, ಎರಡನೆಯ ದಾರಿಯಲ್ಲಿ ತನ್ನ ಮೇಲೆ ಬೀಳುವ ಕೆಲಸವನ್ನೂ ಒಪ್ಪಿಕೊಂಡಿದ್ದಳು. ಅದೇ ನಾಯಕತ್ವ. ನನ್ನ ಟೇಬಲ್ಲಿನ ಮುಂದೆ ಅದು ಚಪ್ಪಲಿ ಬಾಗಿಲಾಚೆ ಬಿಟ್ಟು ನಿಂತಿತ್ತು. ಸರ್ಟಿಫಿಕೇಟು ಪಡೆದವನು ನಾನು, ಕುರ್ಚಿಯಲ್ಲಿ ಕೂತಿದ್ದೆ.

ನಾನು ಏನು ಹೇಳಿದೆ? ಮೂರರಿಂದ ಆರು ವರ್ಷದ ಮಕ್ಕಳಿಗೆ ಊಟ ಕೇಂದ್ರದಲ್ಲೇ ಬಡಿಸಬೇಕು, ಕಟ್ಟಿ ಕೊಡಲು ಬರುವುದಿಲ್ಲ ಎಂದೆ. ಎರಡು ಹೊತ್ತಿನ ಊಟಕ್ಕೆ ಅನುದಾನವಿಲ್ಲ ಎಂದೆ. ಮೇಲಕ್ಕೆ ಬರೆಯುತ್ತೇನೆ ಎಂದೆ. ಬರೆದೆ ಕೂಡ, ಉತ್ತರ ಬರಲಿಲ್ಲ. ಮಕ್ಕಳು ಯಾವ ಊರಿಗೆ ಹೋದರೂ ಅಲ್ಲಿನ ಅಂಗನವಾಡಿ ಅವರನ್ನು ಸೇರಿಸಿಕೊಳ್ಳಬೇಕೆಂಬ ಮಾತು ಕಾಗದದಲ್ಲಿತ್ತು. ಆದರೆ ಕಬ್ಬಿನ ಹೊಲದ ಬದಿಯ ಜೋಪಡಿ ಯಾವ ಅಂಗನವಾಡಿಯ ಲೆಕ್ಕಕ್ಕೂ ಸೇರುವುದಿಲ್ಲ. ಆರು ವರ್ಷದೊಳಗಿನ ಪ್ರತಿ ಮಗುವಿಗೂ ಆಹಾರ ಮುಟ್ಟಬೇಕೆಂದು ಸುಪ್ರೀಂ ಕೋರ್ಟು 2001ರಲ್ಲೇ ಆದೇಶ ಮಾಡಿತ್ತು. ಅದನ್ನು ಹಿಡಿದು ಜಗಳವಾಡಬಹುದಿತ್ತು. ಆಡಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅದನ್ನು ಅಸಹಾಯಕತೆ ಎನ್ನಬಹುದಿತ್ತು. ಮುಂದಿನ ತಿಂಗಳ ಎಂ.ಪಿ.ಆರ್. ಹೊತ್ತಿಗೆ ಮೇಲಿನಿಂದ ಫೋನು ಬಂತು. ನಿಮ್ಮ ತಾಲೂಕಿನ ಹಾಜರಿ ಇಳಿದಿದೆ, ಸರಿ ಮಾಡಿ ಎಂದರು. 'ಸರಿ ಮಾಡಿ' ಎಂಬ ಮಾತಿಗೆ ಆಫೀಸಿನ ಭಾಷೆಯಲ್ಲಿ ಒಂದೇ ಅರ್ಥ. ನಾನು ವಲಯ ಮೇಲ್ವಿಚಾರಕಿಗೆ ಹೇಳಿದೆ, ಮೇಲ್ವಿಚಾರಕಿ ಟೀಚರಿಗೆ ಹೇಳಿದಳು. ಇಪ್ಪತ್ಮೂರು ಮಕ್ಕಳೂ ಹಾಜರಾದರು. ಹಾಜರಿಗೆ ತಕ್ಕ ಹಾಗೆ ಸ್ಟಾಕ್ ರಿಜಿಸ್ಟರೂ ಹೊಂದಿಕೊಂಡಿತು. ಆ ಕಾಳು ನಿಜವಾಗಿ ಏನಾಯಿತೆಂದು ನಾನು ಕೇಳಲಿಲ್ಲ.

ಗ್ಯಾಂಗು ತಿರುಗಿ ಬಂದದ್ದು ಹೋಳಿಹುಣ್ಣಿಮೆಯ ಆಚೀಚೆ. ನಾನು ಆ ತಾಂಡಾಕ್ಕೆ ಹೋದ ದಿನ ತೂಕ ನಡೆದಿತ್ತು. ಮೂರು ದಾಟಿದ ಒಂದು ಹುಡುಗಿ ತಕ್ಕಡಿಯಲ್ಲಿ ಕೂತಿತ್ತು. 10 ಕಿಲೋ 600 ಗ್ರಾಂ. ನಾನು ರಿಜಿಸ್ಟರು ತೆರೆದು ನೋಡಿದೆ. ಹೋಗುವ ಮುನ್ನ 11 ಕಿಲೋ 400. ಆಮೇಲೆ ನವೆಂಬರಿನಲ್ಲಿ 11 ಕಿಲೋ 600, ಡಿಸೆಂಬರಿನಲ್ಲಿ 11 ಕಿಲೋ 800, ಜನವರಿಯಲ್ಲಿ 12, ಫೆಬ್ರುವರಿಯಲ್ಲಿ 12 ಕಿಲೋ 200. ಊರಲ್ಲೇ ಇಲ್ಲದ ನಾಲ್ಕು ತಿಂಗಳು ಆ ಕೂಸು ನಮ್ಮ ಪುಸ್ತಕದೊಳಗೆ ಹಸಿರು ಪಟ್ಟಿಯಲ್ಲಿ ದುಂಡಗೆ ಬೆಳೆದಿತ್ತು. ನನ್ನೆದುರಿಗೆ ಇದ್ದದ್ದು ಹಳದಿ ಪಟ್ಟಿಗೆ ಇಳಿದ ಕೂಸು.

ಟೀಚರ್ ನನ್ನ ಮುಖ ನೋಡಿದಳು. "ನೀವ ಬರಿ ಅಂದಿದ್ರಿ, ಬರದೀನ್ರಿ ಸಾಹೇಬ್ರ. ಬರಿಯೂ ಮುಂದ ತೂಕ ಕಡಿಮಿ ಬರಿಯಾಕ ಮನಸ್ಸ ಆಗ್ಲಿಲ್ರಿ" ಎಂದಳು.

ಆ ಹುಡುಗಿ ಬದುಕಿದಳು. ಅದರಲ್ಲಿ ನನ್ನ ಪಾಲೇನೂ ಇಲ್ಲ.

ಈಗ ನನ್ನ ತಕರಾರನ್ನು ಬಿಡಿಸಿ ಹೇಳಬಲ್ಲೆ. ಆ ಫೋನು ಬಂದ ಹೊತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಒಂದೇ ಒಂದು ವಿದ್ಯೆ: "ಇಲ್ಲ ಸರ್, ಮಕ್ಕಳು ಊರಲ್ಲಿಲ್ಲ, ಹಾಜರಿ ಇದ್ದದ್ದೇ ಇಷ್ಟು" ಎನ್ನುವ ವಿದ್ಯೆ. ಟೀಚರ್ ಬಂದು ನಿಂತಾಗ ಬೇಕಾಗಿದ್ದದ್ದು ಇನ್ನೊಂದು: ಆಕೆಯ ಮಾತನ್ನು ಆದೇಶದಂತೆ ಕೇಳುವ ವಿದ್ಯೆ. ಮೇಲಿನವರಿಗೆ ಇಲ್ಲ ಎನ್ನುವುದು, ಕೆಳಗಿನವರಿಗೆ ಹೂಂ ಎನ್ನುವುದು. ನಮಗೆ ಐದು ದಿನ ಕಲಿಸಿದ್ದು ಇದರ ತದ್ವಿರುದ್ಧ. ಮೇಲಿನವರ ಗುರಿಯನ್ನು ನಗುನಗುತ್ತ ಒಪ್ಪುವುದು ಹೇಗೆ, ಕೆಳಗಿನವರನ್ನು 'ಪ್ರೇರೇಪಿಸಿ' ಅದನ್ನು ಮುಟ್ಟಿಸುವುದು ಹೇಗೆ ಎಂಬುದನ್ನೇ ಅವರು ನಾಯಕತ್ವವೆಂದು ಕರೆದರು. ಅದು ವಿಧೇಯತೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮುಂದಿನವರ ಹೆಗಲು ಹಿಡಿದು ನಡೆಯುವ ಆ ಆಟ ಆಟವೇ ಆಗಿರಲಿಲ್ಲ. ನಮ್ಮ ಇಲಾಖೆಯ ಚಿತ್ರವಾಗಿತ್ತು. ಅಂದು ಮಾತ್ರ ನಾವೆಲ್ಲ ನಕ್ಕೆವು.

ಇದು ನನ್ನೊಬ್ಬನ ಹಟಮಾರಿ ವಾದವೆಂದು ಯಾರೂ ತಿಳಿಯಬಾರದು. ಆ ತರಬೇತಿಗಳೆಲ್ಲ ಯಾವ ದೇಶದಿಂದ ತಮ್ಮ ಶಬ್ದಗಳನ್ನು ಎರವಲು ತಂದಿವೆಯೋ ಆ ದೇಶದ್ದೇ ಒಂದು ಸಾಕ್ಷಿ ಕೊಡುತ್ತೇನೆ. ಹಾರ್ವರ್ಡಿನಲ್ಲಿ ಪಾಠ ಹೇಳುವ ರೊನಾಲ್ಡ್ ಹೈಫೆಟ್ಜ್ 1994ರಲ್ಲಿ ಬರೆದ ಪುಸ್ತಕದಲ್ಲಿ ಅಧಿಕಾರ ಬೇರೆ, ನಾಯಕತ್ವ ಬೇರೆ ಎಂದು ವಿಸ್ತಾರವಾಗಿ ವಾದಿಸುತ್ತಾರೆ. ಕುರ್ಚಿ ಇಲ್ಲದವರೂ ಮುನ್ನಡೆಸಬಲ್ಲರು, ಕುರ್ಚಿ ಇದ್ದವರೆಲ್ಲ ಮುನ್ನಡೆಸುತ್ತಾರೆಂದಿಲ್ಲ ಎಂಬುದು ಅದರ ಸಾರ. ನಮ್ಮವರು ಅಮೆರಿಕದಿಂದ ಕಿಟಕಿ ತ್ರಿಕೋನಗಳನ್ನು ತಂದರು, ಈ ಮಾತನ್ನು ಅಲ್ಲೇ ಬಿಟ್ಟು ಬಂದರು.

ಇನ್ನು ನಮ್ಮ ದೇಶದ ಸಾಕ್ಷಿ. ಟಿ.ಎಸ್.ಆರ್. ಸುಬ್ರಮಣಿಯನ್ ಮೊದಲಾದ ನಿವೃತ್ತ ಅಧಿಕಾರಿಗಳು ಹೂಡಿದ ದಾವೆಯಲ್ಲಿ 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಇದೆ. ಅಧಿಕಾರಿಗಳಿಗೆ ಒಂದು ಕಡೆ ನಿಶ್ಚಿತ ಅವಧಿ ಇರಬೇಕು, ಬಾಯಿಮಾತಿನ ಆದೇಶದ ಮೇಲೆ ಕೆಲಸ ಮಾಡಕೂಡದು, ಬಂದ ಆದೇಶ ಬರಹಕ್ಕೆ ಇಳಿಯಬೇಕು ಎಂದು ಅದು ಹೇಳಿತು. 'ಸರಿ ಮಾಡಿ' ಎಂಬ ಫೋನಿಗೆ ಇದಕ್ಕಿಂತ ಒಳ್ಳೆಯ ಮದ್ದು ಯಾವುದು? ದಯವಿಟ್ಟು ಇದನ್ನು ಬರೆದು ಕಳಿಸಿ ಎಂದರೆ ಸಾಕು, ಅರ್ಧ ಫೋನುಗಳು ನಿಂತುಹೋಗುತ್ತವೆ. 2016ರಲ್ಲಿ ನನ್ನನ್ನು ಇನ್ನೊಂದು ಶಿಬಿರಕ್ಕೆ ಕಳಿಸಿದರು. ಈ ತೀರ್ಪಿನ ಹೆಸರು ಅಲ್ಲಿ ಬರುತ್ತದೇನೋ ಎಂದು ಕಾದು ಕೂತೆ. ಬರಲಿಲ್ಲ. ಒತ್ತಡ ನಿರ್ವಹಣೆಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರು.

ಇದಕ್ಕೆ ಒಂದು ಎದುರುಮಾತು ಉಂಟು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಅಧಿಕಾರಿಗಳಿಗೆ ಇಲ್ಲ ಎನ್ನಲು ಕಲಿಸಿದರೆ ಅವರು ಬಡವರಿಗೇ ಇಲ್ಲ ಎನ್ನುತ್ತಾರೆ, ಮೇಲಿನ ಬಿಗಿ ಇಲ್ಲದಿದ್ದರೆ ಆಫೀಸಿಗೇ ಬರುವುದಿಲ್ಲ ಎನ್ನುವವರಿದ್ದಾರೆ. ನಿಜ, ಅಂಥವರನ್ನು ನಾನೂ ಬಲ್ಲೆ. ಆದರೆ ಬಿಗಿ ಯಾವ ದಿಕ್ಕಿನಿಂದ ಬರಬೇಕೆಂಬುದೇ ಪ್ರಶ್ನೆ. 1987ರಲ್ಲಿ ಈ ರಾಜ್ಯದಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಅಬ್ದುಲ್ ನಜೀರ್ ಸಾಬರು ಇದಕ್ಕೊಂದು ಉತ್ತರ ಕೊಟ್ಟಿದ್ದರು. ಹಳ್ಳಿಗಳಿಗೆ ಕುಡಿಯುವ ನೀರು ತಂದು ನೀರ್ ಸಾಬ್ ಎನಿಸಿಕೊಂಡ ಆ ಮಂತ್ರಿ, ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಡಿಸಿ, ಡಿ.ಸಿ.ಗಿಂತ ಹಿರಿಯ ಅಧಿಕಾರಿಯನ್ನು ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಕೂಡಿಸಿದರು. ಅಧಿಕಾರಿ ಉತ್ತರ ಕೊಡಬೇಕಾದದ್ದು ಊರ ಜನ ಆರಿಸಿ ಕಳಿಸಿದವರಿಗೆ ಎಂಬುದು ಅದರ ಅರ್ಥ. ಅವರು 1988ರಲ್ಲಿ ತೀರಿಕೊಂಡರು, ಪರಿಷತ್ತುಗಳ ಬಲವೂ ಕ್ರಮೇಣ ಕರಗಿತು. ಇವತ್ತು ಮೈಸೂರಿನಲ್ಲಿರುವ ರಾಜ್ಯದ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ. ಆದರೆ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ತಾಲೂಕು ಪಂಚಾಯತಿ ಸಭೆಯಲ್ಲಿ ಎದ್ದು ನಿಂತು, "ನಮ್ಮ ತಾಂಡಾದ ಹುಡುಗ್ರಿಗೆ ಏನ್ ಮಾಡೀರಿ?" ಎಂದು ಸಿ.ಡಿ.ಪಿ.ಓ.ನನ್ನು ಕೇಳಬೇಕಾದ ಸದಸ್ಯನೇ ಇಲ್ಲದ ಕಾಲವದು. ಜನರ ಕಡೆಯ ಹಗ್ಗ ಕಡಿದು, ಮೇಲಿನ ಹಗ್ಗವನ್ನು ಮಾತ್ರ ಬಿಗಿ ಮಾಡಿದರೆ ಅಧಿಕಾರಿ ಯಾವ ಕಡೆ ವಾಲುತ್ತಾನೆ? ಅದಕ್ಕೆ ಮಾಸ್ಲೋ ಬೇಕಿಲ್ಲ.

ಮೇಲಿನ ಹಗ್ಗ ಈಗ ಮೊಬೈಲಿನಲ್ಲಿದೆ. 2020ರಲ್ಲಿ ಕೇಂದ್ರ ಸರಕಾರ ಕರ್ಮಯೋಗಿ ಎಂಬ ಯೋಜನೆ ಘೋಷಿಸಿತು. ನೌಕರರು ಕೂತಲ್ಲೇ ಕೋರ್ಸು ಮುಗಿಸಿ ಸರ್ಟಿಫಿಕೇಟು ಪಡೆಯುತ್ತಾರೆ. 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂತು. ಟೀಚರ್ ಹಾಜರಿ, ತೂಕಗಳನ್ನು ಫೋನಿನಲ್ಲೇ ತುಂಬುತ್ತಾಳೆ. ಇದರಿಂದ ಕೆಲವು ಸುಳ್ಳುಗಳು ಕಷ್ಟವಾಗಿವೆ, ಒಪ್ಪುತ್ತೇನೆ. ಆದರೆ ಅಂಕಿ ಇಳಿದಾಗ 'ಯಾಕೆ ಇಳಿಯಿತು, ಮಕ್ಕಳೆಲ್ಲಿ ಹೋದರು?' ಎಂದು ಕೇಳುವ ಬದಲು 'ಸರಿ ಮಾಡಿ' ಎನ್ನುವ ಬಾಯಿ ಹಾಗೇ ಇದ್ದರೆ, ಪುಸ್ತಕದಲ್ಲಿ ಬೆಳೆದ ಕೂಸು ಫೋನಿನಲ್ಲೂ ಬೆಳೆಯಬಲ್ಲದು.

ಹಾಗಾದರೆ ಏನು ಮಾಡಬೇಕೆಂದು ಕೇಳುವಿರಿ. ದೊಡ್ಡ ಯೋಜನೆಯೇನೂ ಬೇಡ. 2012ರ ರಾಷ್ಟ್ರೀಯ ತರಬೇತಿ ನೀತಿ, ಸಂಬಳದ ಬಜೆಟ್ಟಿನ ಶೇಕಡಾ 2.5ರಷ್ಟನ್ನು ತರಬೇತಿಗೆ ತೆಗೆದಿಡಿ ಎಂದಿದೆ. ಆ ಹಣದಲ್ಲೇ ಆಗುವ ಕೆಲಸ. ಅಧಿಕಾರಿಗಳ ನಾಯಕತ್ವ ಶಿಬಿರವನ್ನು ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ನಡೆಸಿ. ಗ್ಯಾಂಗುಗಳು ಹೊರಡುವ ವಾರವೇ ನಡೆಸಿ. ಪಾಠ ಹೇಳಲು ಇಪ್ಪತ್ತು ವರ್ಷ ದುಡಿದ ಅಂಗನವಾಡಿ ಟೀಚರುಗಳನ್ನು ಕರೆಯಿರಿ, ಅವರಿಗೆ ಕುರ್ಚಿ ಕೊಡಿ, ಅಧಿಕಾರಿಗಳು ಚಾಪೆಯ ಮೇಲೆ ಕೂತು ಬರೆದುಕೊಳ್ಳಲಿ. ತಾಂಡಾದ ಹಿರಿಯರನ್ನು ಕರೆಯಿರಿ. ಅಲ್ಲಿ ಮುಖ್ಯಸ್ಥನಿಗೆ ನಾಯಕನೆಂದೇ ಹೆಸರು. ಅವನ ಜೊತೆಗೆ ಕಾರಭಾರಿ, ಡಾವ್ ಇರುತ್ತಾರೆ. ನ್ಯಾಯ ಮಾತಾಡುವುದು ಎಲ್ಲರೆದುರು, ಬಯಲಲ್ಲಿ. ನಾನು ತರಬೇತಿಗೆ ಹೋಗಿದ್ದೆನೆಂದು ತಿಳಿದ ಅಂಥ ಒಬ್ಬ ಮುದುಕ ನಾಯಕ ನನ್ನನ್ನು ಕೇಳಿದ್ದ: "ನಾಯಕ ಆಗೂದು ಕಲಿಯಾಕ ಅಷ್ಟ ದೂರ ಹೋಗಿದ್ರೇನ್ರಿ ಸಾಹೇಬ್ರ? ನಮ್ಮಲ್ಲಿ ಮಂದಿ ಮಾತ ಕೇಳಲಿಲ್ಲಂದ್ರ ಪಗಡಿ ಇಳಸ್ತಾರ್ರಿ." ಅವನು ಚೇಷ್ಟೆ ಮಾಡಿದ್ದನೋ ನಿಜವಾಗಿ ಕೇಳಿದ್ದನೋ ನನಗೆ ಗೊತ್ತಾಗಲಿಲ್ಲ. ಎರಡಾದರೂ ಸರಿಯೇ.

ಶಿಬಿರದ ಕೊನೆಯ ದಿನ ಗ್ರೂಪ್ ಫೋಟೋ ಬೇಡ. ಊರಲ್ಲಿಲ್ಲದ ಮಕ್ಕಳ ಪಾಲಿನ ಆಹಾರವನ್ನು ಏನು ಮಾಡಬೇಕೆಂದು ಟೀಚರ್, ತಾಯಂದಿರು, ಅಧಿಕಾರಿ ಕೂತು ಒಂದು ಕಾಗದ ಬರೆಯಲಿ. ಅದಕ್ಕೆ ಇಂತಿಷ್ಟು ದಿನದಲ್ಲಿ ಉತ್ತರ ಕೊಡುವ ಹೊಣೆಯನ್ನು ಮೇಲಿನವರು ಅಲ್ಲೇ ಸಹಿ ಮಾಡಿ ಹೊರಲಿ. ಆ ಅಧಿಕಾರಿಯನ್ನು ಮೂರು ವರ್ಷ ಅಲ್ಲಿಂದ ಅಲುಗಾಡಿಸಬೇಡಿ. 2013ರ ಆಹಾರ ಭದ್ರತಾ ಕಾಯ್ದೆ ಆರು ತಿಂಗಳಿಂದ ಆರು ವರ್ಷದವರೆಗಿನ ಮಗುವಿನ ಊಟವನ್ನು ಹಕ್ಕೆಂದು ಬರೆದಿದೆ. ತಾಯಿ ತಂದೆ ಕಬ್ಬಿಗೆ ಹೋದರೆ ಆ ಹಕ್ಕು ರದ್ದಾಗುತ್ತದೆಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಬಸವನ ಬಾಗೇವಾಡಿಯಲ್ಲಿ ಚಾರ್ಜು ನೋಡುತ್ತಿದ್ದ ದಿನಗಳಲ್ಲಿ ಸಂಜೆ ಗುಡಿಯ ಕಟ್ಟೆಗೆ ಹೋಗಿ ಕೂಡುತ್ತಿದ್ದೆ. ಆ ಊರಿನ ಎಂಟು ವರ್ಷದ ಒಬ್ಬ ಹುಡುಗ, ಮನೆಯ ಹಿರಿಯರೆಲ್ಲ ಕೂಡಿದ ಸಭೆಯಲ್ಲಿ, ನನಗೆ ಜನಿವಾರ ಬೇಡ ಎಂದನೆಂದು ನಾವು ಕೇಳುತ್ತ ಬಂದಿದ್ದೇವೆ. ಮುಂದೆ ಅವನೇ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾದ, ಅಂದರೆ ಸರಕಾರಿ ಕೆಲಸದಲ್ಲಿದ್ದ. ಕೆಲಸದಲ್ಲಿದ್ದೂ ಅರಮನೆಗಿಂತ ಹೆಚ್ಚಾಗಿ ಕಾಯಕದವರ ಮಾತಿಗೆ ಕಿವಿಗೊಟ್ಟ. ಪ್ರತಿ ಬಸವ ಜಯಂತಿಗೆ ಆಫೀಸಿನಲ್ಲಿ ಅವನ ಫೋಟೋಕ್ಕೆ ಹಾರ ಹಾಕಿದವನು ನಾನೇ. ಆ ಫೋನು ಬಂದ ದಿನವೂ ಫೋಟೋ ನನ್ನ ಬೆನ್ನ ಹಿಂದೆ ಗೋಡೆಯ ಮೇಲಿತ್ತು.

ಮೊನ್ನೆ ಟ್ರಂಕು ಸ್ವಚ್ಛ ಮಾಡುವಾಗ ಮೊಮ್ಮಗಳು ಸರ್ಟಿಫಿಕೇಟು ಎತ್ತಿ, "ಇದನ್ನ ಚೌಕಟ್ಟ ಹಾಕ್ಸೂಣೇನು ಅಜ್ಜಾ?" ಎಂದಳು. ಬೇಡವ್ವಾ ಎಂದೆ. ಯಾಕೆಂದು ಕೇಳಿದಳು. ಆ ತಾಂಡಾದ ಹುಡುಗಿಯ ತೂಕದ ಕಥೆಯನ್ನು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆಗಲೇ.